ಶನಿವಾರ ಎರಡು ಗಂಟೆ ನಿಮ್ಮ ಯಜಮಾನರು ಕೂರಲಿ

ಪತ್ರ: ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷ ಆಯಿತು. ಎಲ್ಲವೂ ಹಾಸಿಗೆಯಲ್ಲೇ. ನಮ್ಮೂರಲ್ಲಿ ಹೀಗೆ ನೋಡಿಕೊಳ್ಳುವವರು ಇನ್ನೂ ಆರು ಮನೆಯಲ್ಲಿದ್ದಾರೆ. ಎರಡನೇ ಶನಿವಾರ ಅಂಗನವಾಡಿಯಲ್ಲಿ ಎಲ್ಲ ಸೇರಿ ಮಾತಾಡಿಕೊಳ್ಳಿ ಅಂತ ಆಶಾ ಕಾರ್ಯಕರ್ತೆ ಹೇಳುತ್ತಿದ್ದಾರೆ. ನಮ್ಮ ಯಜಮಾನರು ‘ಮನೆ ವಿಷಯ ಬೀದಿಗೆ ಹಾಕಬೇಡ’ ಅನ್ನುತ್ತಾರೆ. ನನ್ನದೇನು ದೊಡ್ಡ ಕಷ್ಟ ಅಲ್ಲ. ಆದರೂ ಹೋಗಲಾ ಬೇಡವಾ, ಹೇಳಿ.
(ಹೆಸರು ಬೇಡ ಎಂದಿದ್ದಾರೆ, ಶಿರಾ ತಾಲ್ಲೂಕು)

ಉತ್ತರ: ಹೋಗಿ. ಖಂಡಿತ ಹೋಗಿ.

ನಿಮ್ಮ ಯಜಮಾನರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹಳ್ಳಿಯಲ್ಲಿ ಬೆಳಗ್ಗೆ ಆಡಿದ ಮಾತು ಸಂಜೆಗೆ ಡೇರಿ ಮುಂದೆ ಇರುತ್ತದೆ, ಅದು ನನಗೂ ಗೊತ್ತು. ಅಲ್ಲಿ ಆಡಿದ್ದು ಅಲ್ಲೇ ಇರಬೇಕು ಅಂತ ಮೊದಲ ದಿನವೇ ಏಳು ಜನ ಮಾತು ಕೊಟ್ಟುಕೊಳ್ಳಿ. ಅಷ್ಟು ಸಾಕು.

ಆದರೆ ‘ನನ್ನದೇನು ದೊಡ್ಡ ಕಷ್ಟ ಅಲ್ಲ’ ಅಂತ ಬರೆದಿದ್ದೀರಲ್ಲ, ಆ ಸಾಲಿಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು ತಾಯಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಏಳಬೇಕು. ಊಟ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ತಲೆ ಎತ್ತಿ ಹಿಡಿದು ಚಮಚ ಚಮಚವಾಗಿ ಅಂಬಲಿ ಕುಡಿಸಬೇಕು. ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳನ್ನು ಅಕ್ಕಪಕ್ಕದವರು ಏಳುವ ಮೊದಲೇ ಒಗೆದು ಹಾಕಬೇಕು. ನಾಲ್ಕು ವರ್ಷ! ಇದು ದೊಡ್ಡದಲ್ಲದಿದ್ದರೆ ಇನ್ಯಾವುದು?

ನಮ್ಮ ದೊಡ್ಡಮ್ಮ ಹೀಗೇ ಒಂಬತ್ತು ವರ್ಷ ದೊಡ್ಡಪ್ಪನನ್ನು ನೋಡಿಕೊಂಡರು. ಮದುವೆಗೆ ಬಂದರೆ ಬಾಗಿಲ ಹತ್ತಿರವೇ ಕೂರುತ್ತಿದ್ದರು. ಧಾರೆ ಮುಗಿದರೆ ಎದ್ದರು, ಊಟಕ್ಕೂ ನಿಲ್ಲುತ್ತಿರಲಿಲ್ಲ. ‘ಎಂಥಾ ಪುಣ್ಯಾತ್ಗಿತ್ತಿ’ ಅಂತ ನಾವೆಲ್ಲ ಹೊಗಳಿದೆವು. ಒಂದು ದಿನ, ಒಂದೇ ಒಂದು ದಿನ, ‘ನೀವು ಊಟ ಮಾಡಿ ಬನ್ನಿ, ನಾನು ಅಲ್ಲಿ ಕೂತಿರ್ತೀನಿ’ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಎರಡು ವರ್ಷದ ಹಿಂದೆ ನಿಮ್ಮ ಜಿಲ್ಲೆಯದ್ದೇ ಒಂದು ಊರಲ್ಲಿ ಇಂಥ ಸಭೆಗೆ ಹೋಗಿದ್ದೆ. ಎಂಟು ಹೆಂಗಸರು, ಒಬ್ಬ ಗಂಡಸು. ಅರ್ಧ ಗಂಟೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಾಕೆ, ಗಂಡನನ್ನು ಎತ್ತಿ ಎತ್ತಿ ಸೊಂಟ ಹೋಯ್ತು ಅಂದರು. ಪಕ್ಕದಲ್ಲಿದ್ದ ಅಜ್ಜಿ ತಟ್ಟನೆ ಎದ್ದು, ಇನ್ನೊಬ್ಬಳನ್ನು ಚಾಪೆ ಮೇಲೆ ಮಲಗಿಸಿ, ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನಿಂದ ತೊಡೆಯವರೆಗೆ ಅಡಿಗೆ ಹಾಸಿದರು. ‘ಮನುಷ್ಯನ್ನ ಎಳೀಬ್ಯಾಡ ಕಣವ್ವ, ದುಪ್ಪಟಿ ಎಳಿ’ ಅಂದು ಆಚೆ ಬದಿಯ ಅಂಚು ಹಿಡಿದು ತಮ್ಮ ಕಡೆಗೆ ಎಳೆದರು. ಮಲಗಿದ್ದವಳು ಸಲೀಸಾಗಿ ಮಗ್ಗುಲಾದಳು. ಸೊಂಟ ನೋವಿನಾಕೆ ಅತ್ತುಬಿಟ್ಟರು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಇದನ್ನು ಯಾರೂ ತೋರಿಸಿರಲಿಲ್ಲವಂತೆ. ಮಾತ್ರೆ ಚೀಟಿ ಕೊಟ್ಟು, ಬಿಲ್ಲು ಕೊಟ್ಟು, ‘ಚೆನ್ನಾಗಿ ನೋಡ್ಕೊಳ್ಳಿ’ ಅಂದರಂತೆ ಅಷ್ಟೇ.

ಹೀಗೆ ಕಲಿಯುವುದನ್ನು ಬೀದಿಗೆ ಹಾಕುವುದು ಅಂತ ಹೇಗೆ ಕರೆಯುತ್ತೀರಿ?

ಕೇರಳದ ಮಲಪ್ಪುರಂ ಕಡೆ 1999ರಲ್ಲಿ ನೆರೆಹೊರೆಯವರೇ ಸೇರಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಶುರು ಮಾಡಿದರು. ಅವರೆಲ್ಲ ಡಾಕ್ಟರುಗಳಲ್ಲ, ಸ್ವಲ್ಪ ತರಬೇತಿ ಪಡೆದ ಊರಿನ ಜನ. ಕೈಲಾದಷ್ಟು ಚಿಲ್ಲರೆ ದುಡ್ಡು ಹಾಕಿ ನಡೆಸಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು, ದೇಶದಲ್ಲೇ ಮೊದಲು. ನಮ್ಮ ಕೈಯಲ್ಲಿ ಆಗುವುದಿಲ್ಲವೇ? ಹಾಲಿಗೆ ಸಂಘ ಇದೆ, ಸಾಲಕ್ಕೆ ಸಂಘ ಇದೆ, ಸ್ತ್ರೀಶಕ್ತಿ ಗುಂಪುಗಳು ಶುರುವಾಗಿ 20 ವರ್ಷದ ಮೇಲಾಯಿತು. ವಾರ ವಾರ ಸೇರಿ ಲೆಕ್ಕ ಬರೆಯುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಆ ಪುಸ್ತಕದಲ್ಲಿ ದುಡ್ಡಿನ ಲೆಕ್ಕ ಇರುತ್ತದೆ, ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ಇರುವುದಿಲ್ಲ.

ಆ ಲೆಕ್ಕವನ್ನು ದೇಶವೂ ಇಟ್ಟಿರಲಿಲ್ಲ. ದೇಶದ ಉದ್ದಗಲಕ್ಕೆ ಜನ ದಿನದ ಹೊತ್ತು ಹೇಗೆ ಕಳೆಯುತ್ತಾರೆ ಅಂತ ಕೇಳಿದ್ದೇ ಮೊದಲ ಸಲ 2019ರಲ್ಲಿ. ಆ ಸಮೀಕ್ಷೆಯ ಪ್ರಕಾರ, ಮನೆಯ ಮಕ್ಕಳು, ವಯಸ್ಸಾದವರು, ಕಾಯಿಲೆಯವರನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರಲ್ಲಿ ಹೆಂಗಸರು ದಿನಕ್ಕೆ 134 ನಿಮಿಷ ಕೊಡುತ್ತಿದ್ದರೆ, ಗಂಡಸರು 76. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆರೈಕೆ ಮಾಡುವವರ ಭತ್ಯೆಯ ಮಾತಿದೆ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿಯಂಥ ನಾಲ್ಕು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಹೇಳಿದರು. ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಲಕ್ವದ ಹೆಸರಿರಲಿಲ್ಲ. ಒಬ್ಬಳೇ ಹೋಗಿ ಕೇಳಿದರೆ ‘ನಾಳೆ ಬಾಮ್ಮ’ ಅನ್ನುತ್ತಾರೆ. ಏಳು ಮನೆಯವರು ಒಟ್ಟಿಗೆ ಪಂಚಾಯ್ತಿ ಮುಂದೆ ನಿಂತರೆ ಹಾಗೆ ಅನ್ನುವುದು ಕಷ್ಟ.

ಸಮಾಜ ಸೊಸೆಗೆ ಶಾಲು ಹೊದಿಸುತ್ತದೆ, ಹೆಗಲು ಕೊಡುವುದಿಲ್ಲ. ನಾವು ಪತ್ರಿಕೆಯವರೂ ಹಾಗೇ. ಯುಗಾದಿ ಸಂಚಿಕೆಯಲ್ಲಿ ‘ತ್ಯಾಗಮಯಿ’ ಅಂತ ಫೋಟೋ ಹಾಕಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಪದವನ್ನು ಇನ್ನು ನಮ್ಮ ಪತ್ರಿಕೆಯಲ್ಲಿ ಬಳಸುವುದು ಬೇಡ ಅಂತ ನಮ್ಮವರಿಗೆ ಹೇಳಿದ್ದೇನೆ.

ಇನ್ನು ನಿಮ್ಮ ಯಜಮಾನರ ವಿಷಯ. ಸಭೆಗೆ ಹೋದಾಗ ಅತ್ತೆಯ ಹತ್ತಿರ ಯಾರಿರಬೇಕು? ಇಂಥ ಎಷ್ಟೋ ಸಂಘಗಳು ಮುರಿದುಬೀಳುವುದು ಇಲ್ಲೇ. ಮಾತಾಡಲು ಮನಸ್ಸಿಲ್ಲದೆ ಅಲ್ಲ, ಮನೆ ಬಿಡಲು ಆಗದೆ. ಅವರ ತಾಯಿ ಅಲ್ವಾ? ಎರಡನೇ ಶನಿವಾರ ಎರಡು ಗಂಟೆ ಅವರೇ ಕೂರಲಿ. ದುಪ್ಪಟಿ ಮಡಿಸುವುದನ್ನು ನೀವೇ ಮೊದಲು ತೋರಿಸಿಕೊಡಿ. ಈ ಪುಟವನ್ನು ಅವರ ಕೈಗೆ ಕೊಡಿ, ಬೈದರೆ ನನಗೆ ಬೈಯಲಿ.

ಮೊದಲ ಸಭೆ ಆದ ಮೇಲೆ ಒಂದು ಕಾರ್ಡು ಹಾಕಿ. ಯಾರು ಬಂದಿದ್ದರು ಅನ್ನುವುದಕ್ಕಿಂತ, ಆ ಹೊತ್ತು ಅತ್ತೆಗೆ ಅಂಬಲಿ ಕುಡಿಸಿದ್ದು ಯಾರು ಅಂತ ಬರೆಯಿರಿ.