ಗಾಡಿ ವಿಚಾರ: ಕೂಲೆಂಟ್ ದೀಪದ ಬಾಯಿ ಮುಚ್ಚಿಸಬೇಡಿ

ಪ್ರಶ್ನೆ: ಸರ್, ನನ್ನದು 2011ರ ಮಾದರಿಯ ಡೀಸೆಲ್ ಹ್ಯಾಚ್‌ಬ್ಯಾಕ್, ಜರ್ಮನ್ ಕಂಪನಿಯದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೀಪ್ ಸದ್ದಿನೊಂದಿಗೆ ಕೂಲೆಂಟ್ ಕಡಿಮೆಯಾಗಿದೆ ಎನ್ನುವ ಕೆಂಪು ದೀಪ ಮಿನುಗುತ್ತದೆ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಇರುವುದಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕಾರಿನಡಿ ಒಂದು ಹನಿಯೂ ಬಿದ್ದಿಲ್ಲ. ಹೀಟ್ ಮೀಟರಿನ ಮುಳ್ಳು ಮಧ್ಯದಿಂದ ಕದಲುವುದಿಲ್ಲ. ಗ್ಯಾರೇಜಿನವರು ಎರಡು ಸಲ ನೀರು ತುಂಬಿಸಿದ ಮೇಲೆ, ಸೆನ್ಸರ್ ಕೆಟ್ಟಿದೆ, ಅದರ ಎರಡು ವೈರ್‌ಗಳನ್ನು ಕೂಡಿಸಿಬಿಟ್ಟರೆ ದೀಪವೇ ಬರುವುದಿಲ್ಲ ಎನ್ನುತ್ತಿದ್ದಾರೆ. ಹಾಗೆ ಮಾಡಿಸಬಹುದೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಡ. ಯಾರು ಎಷ್ಟೇ ಧೈರ್ಯ ಹೇಳಿದರೂ ಆ ವೈರ್‌ಗಳನ್ನು ಕೂಡಿಸಲು ಬಿಡಬೇಡಿ. ಎರಡು ಸಲ ನೀರು ತುಂಬಿಸಿದರು ಎಂದು ನೀವೇ ಬರೆದಿದ್ದೀರಿ. ತುಂಬಿಸಲು ಕೂಲೆಂಟ್ ಟ್ಯಾಂಕಿನಲ್ಲಿ ಜಾಗವಿತ್ತು ಎಂದಾಯಿತಲ್ಲ! ಕೂಲೆಂಟ್ ಎಂಜಿನ್ನನ್ನು ತಂಪಾಗಿಡುವ ದ್ರವ, ಡೀಸೆಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ವ್ಯವಸ್ಥೆಯೊಳಗೆ ಅದು ಸುತ್ತುತ್ತಲೇ ಇರಬೇಕು. ಕಡಿಮೆಯಾಗುತ್ತಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗುತ್ತಿದೆ. ಅದು ಎಲ್ಲಿ ಎಂದು ಹುಡುಕುವುದೇ ರಿಪೇರಿ. ದೀಪ ಆರಿಸುವುದು ರಿಪೇರಿಯಲ್ಲ.

ನೀವು ಕೊಟ್ಟಿರುವ ವಿವರದಲ್ಲೇ ಅರ್ಧ ಉತ್ತರವಿದೆ. ತಣ್ಣಗಾದಾಗ ಕೂಲೆಂಟ್ ಕುಗ್ಗುತ್ತದೆ, ಬಿಸಿಯಾದಾಗ ಹಿಗ್ಗುತ್ತದೆ. ರಾತ್ರಿಯ ಚಳಿಗೆ ಮಟ್ಟ ಇಳಿದು ಸೆನ್ಸರ್ ಬರಿದಾಗುತ್ತದೆ, ದೀಪ ಬರುತ್ತದೆ. ಎಂಜಿನ್ ಕಾದ ಮೇಲೆ ಮಟ್ಟ ಏರಿ ಅದು ಮುಳುಗುತ್ತದೆ, ದೀಪ ಹೋಗುತ್ತದೆ. ತಿರುವಿನಲ್ಲಿ ಕೂಲೆಂಟ್ ಒಂದು ಪಕ್ಕಕ್ಕೆ ವಾಲಿದಾಗ ಮತ್ತೆ ಅದೇ ಕಥೆ. ಅಂದರೆ ಮಟ್ಟ ಕೆಳಗಿನ ಗೆರೆಯ ಆಸುಪಾಸಿನಲ್ಲೇ ಆಡುತ್ತಿದೆ, ಸೆನ್ಸರ್ ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿದೆ.

ಮುಳ್ಳು ಮಧ್ಯದಲ್ಲಿದೆ ಎಂಬ ಸಮಾಧಾನ ಮಾತ್ರ ನನಗೆ ಹೆದರಿಕೆ ಹುಟ್ಟಿಸುತ್ತದೆ. ಈ ತಲೆಮಾರಿನ ಅನೇಕ ಕಾರುಗಳಲ್ಲಿ ಶಾಖ ಸ್ವಲ್ಪ ಏರಿಳಿದರೂ ಮುಳ್ಳು 90 ಡಿಗ್ರಿಯ ಗುರುತಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಜೊತೆಗೆ, ಶಾಖ ಅಳೆಯುವ ಸೆನ್ಸರ್ ಸರಿಯಾಗಿ ಕೆಲಸ ಮಾಡುವುದು ಕೂಲೆಂಟ್‌ನಲ್ಲಿ ಮುಳುಗಿದ್ದಾಗ. ಮಟ್ಟ ತೀರಾ ಇಳಿದು ಅದರ ಸುತ್ತ ಬರೀ ಗಾಳಿ, ಆವಿ ಉಳಿದರೆ, ಎಂಜಿನ್ ಬೇಯುತ್ತಿದ್ದರೂ ಮುಳ್ಳು ಸುಮ್ಮನಿರಬಹುದು. ಆಗ ನಿಮ್ಮನ್ನು ಎಚ್ಚರಿಸಲು ಉಳಿಯುವುದು ಈ ಕೆಂಪು ದೀಪ ಒಂದೇ. ಅದನ್ನೂ ಕುರುಡಾಗಿಸಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ಹತ್ತಿದರೆ, ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಹನಿ ಬಿದ್ದಿಲ್ಲ ಎಂದರೆ ಸೋರಿಕೆ ಇಲ್ಲ ಎಂದಲ್ಲ. ಬಿಸಿ ಎಂಜಿನ್‌ನಲ್ಲಿ ವ್ಯವಸ್ಥೆಯೊಳಗೆ ಒತ್ತಡವಿರುತ್ತದೆ. ಸಣ್ಣ ಬಿರುಕಿನಿಂದ ಜಿನುಗಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ನೀರು ಹಾರಿಹೋದರೂ ಅದರೊಳಗಿನ ಬಣ್ಣ, ಲವಣ ಅಲ್ಲೇ ಒಣಗಿ ಉಳಿಯುತ್ತವೆ. ಹುಡುಕಬೇಕಾದದ್ದು ಹನಿಯನ್ನಲ್ಲ, ಆ ಒಣಗಿದ ಕಲೆಯನ್ನು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಎತ್ತಿ ಟಾರ್ಚ್ ಹಿಡಿಯಿರಿ. ರೇಡಿಯೇಟರಿನ ನಡುಭಾಗ ಅಲ್ಯೂಮಿನಿಯಂ, ಎರಡು ಬದಿಯ ತೊಟ್ಟಿಗಳು ಪ್ಲಾಸ್ಟಿಕ್. ಎರಡನ್ನೂ ಹಲ್ಲುಹಲ್ಲಾಗಿ ಮಡಿಸಿದ ಅಂಚು ಹಿಡಿದಿರುತ್ತದೆ, ನಡುವೆ ರಬ್ಬರ್ ಗ್ಯಾಸ್ಕೆಟ್. ಇಷ್ಟು ವರ್ಷದ ರಬ್ಬರ್ ಗಟ್ಟಿಯಾಗಿ, ಆ ಹಲ್ಲುಗಳ ಸಂದಿಯಲ್ಲಿ ಗುಲಾಬಿ ಅಥವಾ ಬಿಳಿ ಬಣ್ಣದ ಪುಡಿ ಕೂತಿರುತ್ತದೆ. ಉಗುರಿನಲ್ಲಿ ಕೆರೆದರೆ ಸ್ವಲ್ಪ ಜಿಗುಟು. ನಿಮ್ಮ ಕಾರು ನನ್ನ ಎದುರಿಗಿದ್ದರೆ ನಾನು ಮೊದಲು ಬೆರಳಾಡಿಸುತ್ತಿದ್ದುದು ಅಲ್ಲೇ.

ಆಮೇಲೆ ಹೋಸ್ ಪೈಪುಗಳ ತುದಿಯ ಕ್ಲಿಪ್‌ಗಳು, ಶಾಖಕ್ಕೆ ತಕ್ಕಂತೆ ಕೂಲೆಂಟ್ ಹರಿಯಬಿಡುವ ಥರ್ಮೋಸ್ಟಾಟ್ ಕೂತಿರುವ ಪ್ಲಾಸ್ಟಿಕ್ ಗೂಡು, ಹಳದಿ ತಿರುಗಿದ ಕೂಲೆಂಟ್ ಟ್ಯಾಂಕಿನ ಜೋಡಣೆಯ ಗೆರೆ. ಟ್ಯಾಂಕಿನ ಮುಚ್ಚಳವನ್ನು ಮರೆಯಬೇಡಿ. ಅದರ ರಬ್ಬರ್ ಉಂಗುರ ಸೀಳಿದ್ದರೆ ಒತ್ತಡ ನಿಲ್ಲದೆ ಕೂಲೆಂಟ್ ಆವಿಯಾಗಿ ಹೊರಬೀಳುತ್ತದೆ. ಎಷ್ಟೋ ಸಲ ಇಡೀ ತೊಂದರೆ ಒಂದು ಹೊಸ ಮುಚ್ಚಳದಲ್ಲೇ ಮುಗಿಯುತ್ತದೆ. ಎಂಜಿನ್ ಬಿಸಿ ಇರುವಾಗ ಮಾತ್ರ ಅದಕ್ಕೆ ಕೈ ಹಾಕಬೇಡಿ. ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುವ ಎಂಜಿನ್‌ಗಳಲ್ಲಿ ಕವಚದ ಕೆಳ ಅಂಚಿನ ಕಲೆಯೇ ಸುಳಿವು. ಪಂಪ್ ಬದಲಿಸುವುದಾದರೆ ಬೆಲ್ಟನ್ನೂ ಅದೇ ಕೈಯಲ್ಲಿ ಬದಲಿಸಿಬಿಡಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು, ಮುಂದಿನ ಸೀಟಿನ ಕಾಲ ಬಳಿ ಒದ್ದೆ ಇದ್ದರೆ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿದೆ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಟ್ಯಾಂಕಿನ ಬಾಯಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಅಚ್ಚಾಗಿರುವಷ್ಟು ಒತ್ತಡ ಕೊಟ್ಟು ಮೀಟರ್ ನೋಡುತ್ತಾ ಕಾಯುವುದು, ಅಷ್ಟೇ. ಎಂಜಿನ್ ತಣ್ಣಗಿರುವುದರಿಂದ ಜಿನುಗಿದ್ದು ಆರಿಹೋಗದೆ ಕಣ್ಣೆದುರೇ ಹನಿಯಾಗುತ್ತದೆ. ಈ ಪಂಪ್ ಇಲ್ಲದ ಗ್ಯಾರೇಜಿನವರು ಸೆನ್ಸರ್ ಕೆಟ್ಟಿದೆ ಎಂದರೆ ಅದು ಊಹೆ. ಹೊರಗೆ ಎಲ್ಲೂ ಸೋರದೆ ಒತ್ತಡ ಮಾತ್ರ ಇಳಿಯುತ್ತಿದ್ದರೆ ಸಿಲಿಂಡರ್ ಹೆಡ್ಡಿನಡಿಯ ಹೆಡ್ ಗ್ಯಾಸ್ಕೆಟ್ ಅಥವಾ ಡೀಸೆಲ್ ಎಂಜಿನ್‌ನ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಕಳಿಸುವ ಹೊಗೆಯನ್ನು ಕೂಲೆಂಟ್‌ನಿಂದ ತಣ್ಣಗಾಗಿಸುವ ಭಾಗ) ಮೇಲೆ ಅನುಮಾನ. ಬಿಟ್ಟೂಬಿಡದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಕೆನೆಯಂಥ ಲೇಪ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಲ್ಲಿನಂತೆ ಬಿಗಿಯಾಗುವ ಮೇಲಿನ ಹೋಸ್, ಇವುಗಳಲ್ಲಿ ಒಂದು ಕಂಡರೂ ಘಾಟಿಗೆ ಇಳಿಯಬೇಡಿ.

ಇಷ್ಟಾದ ಮೇಲೆ ಸೆನ್ಸರ್ ವಿಚಾರ. ನಿಮ್ಮಂಥ ಕಾರುಗಳಲ್ಲಿ ಅದು ಟ್ಯಾಂಕಿನೊಳಗೆ ಇಳಿಬಿಟ್ಟ ಎರಡು ಲೋಹದ ಕಡ್ಡಿಗಳು. ಕೂಲೆಂಟ್ ಮೂಲಕ ಅವುಗಳ ನಡುವೆ ವಿದ್ಯುತ್ ಹರಿದರೆ ಮಟ್ಟ ಸರಿ ಇದೆ ಎಂದರ್ಥ. ಕಡ್ಡಿಗಳಿಗೆ ಪಾಚಿಯಂಥ ಪೊರೆ ಕಟ್ಟಿದರೆ ಟ್ಯಾಂಕ್ ತುಂಬಿದ್ದರೂ ದೀಪ ಬರುವುದುಂಟು, ಕನೆಕ್ಟರ್‌ಗೆ ಹಸಿರು ಕಿಲುಬು ಹಿಡಿದರೂ ಹಾಗೇ. ಎಂಜಿನ್ ತಣ್ಣಗಿರುವಾಗ ಮೇಲಿನ ಗೆರೆಯವರೆಗೆ ತುಂಬಿಸಿ, ಮಟ್ಟದ ನೇರಕ್ಕೆ ಒಂದು ಟೇಪ್ ಅಂಟಿಸಿ, ಕಿಲೋಮೀಟರ್ ಬರೆದಿಡಿ. ಮಟ್ಟ ಟೇಪಿನಿಂದ ಇಳಿಯದೆಯೂ ದೀಪ ಬಂದರೆ ಆಗ ಟ್ಯಾಂಕ್ ಬಿಚ್ಚಿ ಕಡ್ಡಿ ಉಜ್ಜಿಸಿ, ಇಲ್ಲವೇ ಹೊಸ ಟ್ಯಾಂಕ್ ಹಾಕಿಸಿ. ಇಳಿದರೆ ಗ್ಯಾರೇಜ್ ಬದಲಿಸಿ.

ಪ್ರಶ್ನೆ: ತಂದೆಯವರ ಹಳೆಯ ಕಾರಿನ ರೇಡಿಯೇಟರಿಗೆ ಮೊದಲಿನಿಂದಲೂ ನಮ್ಮ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೇವೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲೆಂಟ್ ಯಾಕೆ ಬೇಕು?
— ಓದುಗರೊಬ್ಬರು, ಕೋಲಾರ

ಉತ್ತರ: ಹಿಮದ ಮಾತು ಬಿಡಿ. ಕೂಲೆಂಟ್ ತುಕ್ಕು ತಡೆಯುತ್ತದೆ, ಪಂಪಿನ ಸೀಲನ್ನು ಕಾಪಾಡುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ನಿಮ್ಮ ಮನೆಯಲ್ಲೇ ಇರುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ನಳಿಕೆಗಳೊಳಗೂ ಕೂರುತ್ತಿದೆ. ಒಮ್ಮೆ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟ್ ಹಾಕಿಸಿ. ಡಬ್ಬಿಯಲ್ಲಿರುವುದು ನೀರು ಬೆರೆಸದ ಗಟ್ಟಿ ದ್ರವವಾದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೊಂದದ ಎರಡು ಬಗೆ ಬೆರೆತರೆ ಗಂಜಿಯಂತೆ ಗಟ್ಟಿಯಾಗುವುದೂ ಇದೆ. ದಾರಿಯಲ್ಲಿ ಕೈಕೊಟ್ಟಾಗ ಬಾಟಲಿಯ ಕುಡಿಯುವ ನೀರು ಹಾಕಿ ಊರು ಸೇರಬಹುದು, ಆದರೆ ಎಂಜಿನ್ ತಣ್ಣಗಾಗುವವರೆಗೆ ಕಾದು ಹಾಕಿ. ಕೆಂಡವಾದ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಪ್ರಶ್ನೆ: ನಿಲ್ಲಿಸಿದ ಕಾರಿನಡಿ ನೀರು ಕಾಣುತ್ತದೆ. ಎಸಿ ನೀರೋ ಕೂಲೆಂಟೋ ತಿಳಿಯುವುದು ಹೇಗೆ? ಮನೆಯಲ್ಲಿ ನಾಯಿ ಇದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಬಿಳಿ ರಟ್ಟು ಹಾಸಿ ರಾತ್ರಿ ಬಿಡಿ. ಎಸಿ ನೀರಿಗೆ ಬಣ್ಣ, ವಾಸನೆ, ಜಿಡ್ಡು ಇಲ್ಲ, ಒಣಗಿದರೆ ಗುರುತೂ ಉಳಿಯದು. ಕೂಲೆಂಟ್ ಬಣ್ಣದ ಕಲೆ ಬಿಡುತ್ತದೆ, ಬೆರಳಿಗೆ ನುಣುಪು. ರುಚಿ ನೋಡಿ ಪರೀಕ್ಷಿಸುವ ಹಳೆಯ ಅಭ್ಯಾಸ ಬೇಡವೇ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ಬೆಕ್ಕುಗಳು ಆ ಸಿಹಿಗೇ ನೆಕ್ಕುತ್ತವೆ, ಮೂತ್ರಪಿಂಡ ಕೆಡುತ್ತದೆ. ಕೂಲೆಂಟ್ ಎಂದು ಖಚಿತವಾದರೆ ಸೋರಿಕೆ ನಿಲ್ಲುವವರೆಗೆ ನಾಯಿಯನ್ನು ಕಾರಿನ ಬಳಿ ಬಿಡಬೇಡಿ, ಬಿದ್ದದ್ದನ್ನು ಮರಳು ಹಾಕಿ ಹೀರಿಸಿ ತೆಗೆಯಿರಿ. ಅದು ನೆಕ್ಕಿದ್ದನ್ನು ಕಂಡರೆ, ಮೇಲ್ನೋಟಕ್ಕೆ ಆರಾಮವಾಗಿದ್ದರೂ, ಆ ಕ್ಷಣವೇ ಪಶುವೈದ್ಯರ ಬಳಿ ಕರೆದೊಯ್ಯಿರಿ. ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟ ಚಿಕಿತ್ಸೆಯೇ ಅದನ್ನು ಉಳಿಸುವುದು.