ಮರಳು ನೆಲದ ಪೈನ್ ಕಾಡಿಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಸಾಗರದಿಂದ ಅತ್ತೆ-ಮಾವ ಬಂದಿದ್ದಾರೆ, ಅಕ್ಟೋಬರ್ ಕೊನೆಯವರೆಗೂ ಇರುತ್ತಾರೆ. ಅವರನ್ನು ಕರೆದುಕೊಂಡು ಪೈನ್ ಬ್ಯಾರೆನ್ಸ್ ಕಾಡಿನಲ್ಲಿ ಎರಡು ರಾತ್ರಿ ಇರೋಣ ಅಂತ ಆಸೆ. ನಮ್ಮ ಯಜಮಾನರು ಟೆಂಟ್ ಅನ್ನುತ್ತಾರೆ, ನನಗೆ ಗ್ಲ್ಯಾಂಪಿಂಗ್ (ಹಾಸಿಗೆ, ದೀಪ ಎಲ್ಲಾ ಇರುವ ಐಷಾರಾಮಿ ಟೆಂಟ್ ವಾಸ) ಮೇಲೆ ಕಣ್ಣು, ಅತ್ತೆಗೆ ಮಂಡಿನೋವು. ಮಕ್ಕಳಿಗೆ ನೀರಾಟ ಬೇಕು, ಆದರೆ ಫೋಟೋಗಳಲ್ಲಿ ಅಲ್ಲಿನ ನೀರು ಕಂದು ಬಣ್ಣಕ್ಕಿದೆ. ಗಲೀಜು ನೀರಾ? ಯಾವಾಗ ಹೋದರೆ ಒಳ್ಳೆಯದು?

ಉತ್ತರ: ಖಂಡಿತ ಹೋಗಿ. ಇಂಥ ಕಾಡು ಮನೆಯಿಂದ ಒಂದೂವರೆ ಗಂಟೆ ದೂರದಲ್ಲಿದ್ದೂ ನಮ್ಮವರಲ್ಲಿ ಎಷ್ಟೋ ಜನ ಅಟ್ಲಾಂಟಿಕ್ ಸಿಟಿಗೆ ಹೋಗುವಾಗ ಕಾರಿನ ಕಿಟಕಿಯಿಂದಷ್ಟೇ ಅದನ್ನು ನೋಡಿರುತ್ತಾರೆ. ನನಗೆ ಅದೇ ಬೇಸರ.

ಮೊದಲು ನೀರಿನ ವಿಷಯ. ಅದು ಗಲೀಜಲ್ಲ. ಅಲ್ಲಿನ ಹೊಳೆಗಳು ಸೀಡರ್ ಮರಗಳ ಜೌಗಿನಲ್ಲಿ ಹಾದು ಬರುತ್ತವೆ, ಕೊಳೆತ ಎಲೆ-ತೊಗಟೆಯ ಒಗರು ನೀರಿಗೆ ಇಳಿಯುತ್ತದೆ, ಜೊತೆಗೆ ನೆಲದಲ್ಲಿ ಕಬ್ಬಿಣದ ಅಂಶವೂ ಜಾಸ್ತಿ, ಹಾಗಾಗಿ ಆ ಬಣ್ಣ. ಆ ಕಬ್ಬಿಣವನ್ನೇ ನಂಬಿ 1766ರಲ್ಲಿ ಬ್ಯಾಟ್‌ಸ್ಟೋ ಎಂಬಲ್ಲಿ ಕುಲುಮೆ ಕಟ್ಟಿದರು, ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಗುಂಡುಗಳು ಅಲ್ಲಿಂದ ಹೋದವು. ಆ ಹಳ್ಳಿ ಈಗಲೂ ಇದೆ. ನೆಲ ಸಮತಟ್ಟು, ನಿಧಾನಕ್ಕೆ ನಡೆಯಬಹುದು, ನಿಮ್ಮ ಅತ್ತೆಗೂ ಆಗುತ್ತದೆ. 1876ರಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿ ಆ ಜಾಗ ಕೊಂಡರು. ಮರಳಿನ ಅಡಿಯ ನೀರನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಬೇಕು ಅನ್ನುವುದು ಅವರ ಲೆಕ್ಕ. ರಾಜ್ಯ ಸರ್ಕಾರ ಒಪ್ಪಲಿಲ್ಲ. ಆ ನೀರು ಅಲ್ಲೇ ಉಳಿಯಿತು, ಅಂದಾಜು 17 ಲಕ್ಷ ಕೋಟಿ ಗ್ಯಾಲನ್. ಅವರ ಆ ಭೂಮಿಯೇ ಇವತ್ತಿನ ವಾರ್ಟನ್ ಸ್ಟೇಟ್ ಫಾರೆಸ್ಟ್. ಕುಲುಮೆಯ ಕಥೆಗಿಂತ ಈ ನೀರಿನ ಕಥೆಯನ್ನೇ ಮಕ್ಕಳಿಗೆ ಹೇಳಿ, ಅಲ್ಲಿ ನಿಂತು ಕೇಳಿದರೆ ಅದರ ರುಚಿಯೇ ಬೇರೆ.

ಯಾವಾಗ ಹೋಗೋದು? ಸೆಪ್ಟೆಂಬರ್ ಮೂರನೇ ವಾರದ ನಂತರ ಅಂತ ನಾನು ಹೇಳುತ್ತೇನೆ. ಮಕ್ಕಳು ಮುಖ ಊದಿಸಬಹುದು, ಯಾಕೆಂದರೆ ವಾರ್ಟನ್ ಕಾಡಿನ ಅಟ್ಸಿಯಾನ್ ಕೆರೆಯಲ್ಲಿ ಲೈಫ್‌ಗಾರ್ಡ್ ಇದ್ದಾಗ ಮಾತ್ರ ಈಜಲು ಬಿಡುತ್ತಾರೆ, ಅದು ಬೇಸಿಗೆಯ ಜೊತೆಗೇ ಮುಗಿಯುತ್ತದೆ. ಬದಲಿಗೆ ಕನೂ ಬಾಡಿಗೆಗೆ ತೆಗೆದುಕೊಳ್ಳಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ. ಹೊಳೆ ನಿಧಾನ, ಹುಟ್ಟು ಹಾಕಲು ಮಕ್ಕಳೂ ಕಲಿಯುತ್ತಾರೆ. ಆ ಹೊತ್ತಿಗೆ ಸೊಳ್ಳೆ ಕಡಿಮೆಯಾಗಿರುತ್ತವೆ, ಸೆಕೆಯೂ ಇರಲ್ಲ, ಕ್ರ್ಯಾನ್‌ಬೆರಿ ಕೊಯ್ಲು ಶುರುವಾಗುತ್ತದೆ. ಗದ್ದೆಗೆ ನೀರು ಕಟ್ಟಿ, ಗಿಡದಿಂದ ಹಣ್ಣು ಉದುರಿಸಿ, ತೇಲಿದ್ದನ್ನು ಒಂದು ಕಡೆ ಎಳೆದು ಗುಡ್ಡೆ ಮಾಡುವ ಕೆಲಸ ಅದು. ಅಡಿಕೆ ಕೊಯ್ಲು ನೋಡಿಕೊಂಡೇ ಬೆಳೆದ ಮಾವನವರಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಕ್ಕಿಲ್ಲ.

ಟೆಂಟೋ ಗ್ಲ್ಯಾಂಪಿಂಗೋ ಅಂದರೆ, ಎರಡೂ ಬೇಡ. ಖಾಸಗಿ ಗ್ಲ್ಯಾಂಪಿಂಗ್‌ನಲ್ಲಿ ನೀವು ದುಡ್ಡು ಕೊಡೋದು ಮೆತ್ತನೆ ಹಾಸಿಗೆಗೆ, ದೀಪದ ಸರಕ್ಕೆ. ವಯಸ್ಸಾದವರಿಗೆ ಬೇಕಿರೋದು ಏಳಲು ಕೂರಲು ಆಗುವ ಮಂಚ, ಹತ್ತಿರದಲ್ಲಿ ಟಾಯ್ಲೆಟ್. ಅಟ್ಸಿಯಾನ್ ಕೆರೆಯ ದಂಡೆಯಲ್ಲಿ ಸರ್ಕಾರದ್ದೇ ಕ್ಯಾಬಿನ್‌ಗಳಿವೆ, ನಿಮಗೆ ಅವೇ ಸಾಕು. ಬ್ರೆಂಡನ್ ಬರ್ನ್ ಸ್ಟೇಟ್ ಫಾರೆಸ್ಟ್‌ನಲ್ಲಿ ಯರ್ಟ್ ಸಿಗುತ್ತದೆ. ಅದು ಮರದ ನೆಲದ ಮೇಲೆ ಕಟ್ಟಿದ ದುಂಡನೆ ಕ್ಯಾನ್ವಾಸ್ ಮನೆ, ಟೆಂಟ್ ಆಸೆಯ ಯಜಮಾನರಿಗೂ ಸಮಾಧಾನ. ಎರಡರಲ್ಲೂ ಅಟ್ಟದ ಮಂಚ ಇರುತ್ತದೆ, ಕೆಳಗಿನವನ್ನು ಹಿರಿಯರಿಗೆ ಬಿಡಿ. ಹೊದಿಕೆ, ದಿಂಬು ನೀವೇ ಒಯ್ಯಬೇಕು. ಟಾಯ್ಲೆಟ್ ಒಳಗಿದೆಯಾ, ಇಲ್ಲದಿದ್ದರೆ ಎಷ್ಟು ಹೆಜ್ಜೆ ದೂರ, ಇದನ್ನು ಬುಕ್ ಮಾಡುವ ಮೊದಲು ಫೋನ್ ಮಾಡಿಯೇ ಕೇಳಿ. ವಾರಾಂತ್ಯ ಬೇಗ ತುಂಬುತ್ತದೆ, ಇವತ್ತೇ ನೋಡಿ.

ಮರಳು ಹಗಲು ಬೇಗ ಕಾಯುತ್ತದೆ, ರಾತ್ರಿ ಅಷ್ಟೇ ಬೇಗ ತಣ್ಣಗಾಗುತ್ತದೆ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಸುತ್ತಲ ಊರುಗಳಿಗಿಂತ ಈ ಕಾಡಿನಲ್ಲಿ ಚಳಿ ಜಾಸ್ತಿ. ಎಡಿಸನ್‌ನ ಹವಾಮಾನ ನೋಡಿ ಬಟ್ಟೆ ತುಂಬಬೇಡಿ. ಸ್ವೆಟರ್, ಕಾಲುಚೀಲ, ಮಂಕಿ ಟೋಪಿ ಎಲ್ಲಾ ಇರಲಿ.

ಇನ್ನು ಉಣುಗು. ಸಾಗರದವರಿಗೆ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ ಅಲ್ವಾ, 1957ರಲ್ಲಿ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಇವತ್ತಿಗೂ ಆ ಸೀಮೆಯನ್ನು ಬಿಟ್ಟಿಲ್ಲ. ಇಲ್ಲಿ ಉಣುಗು ತರುವುದು ಲೈಮ್ ಕಾಯಿಲೆ. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುತ್ತದೆ. ಮೇ, ಜೂನ್, ಜುಲೈನಲ್ಲಿ ಗಸಗಸೆ ಕಾಳಿನಷ್ಟಿರುವ ಮರಿಗಳು ಹತ್ತುತ್ತವೆ, ಕಣ್ಣಿಗೇ ಬೀಳುವುದಿಲ್ಲ. ಅಕ್ಟೋಬರ್ ಹೊತ್ತಿಗೆ ದೊಡ್ಡವು ಬರುತ್ತವೆ, ಹುಡುಕಿದರೆ ಸಿಗುತ್ತವೆ. ನಾನು ಸೆಪ್ಟೆಂಬರ್ ಅನ್ನಲು ಅದೂ ಒಂದು ಕಾರಣ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಸಂಜೆ ಎಲ್ಲರ ಮೈ ನೋಡಿ, ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಕೂದಲು. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ, ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಾಮಾನ್ಯವಾಗಿ ಅದು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ದಾಟುತ್ತದೆ, ಅದಕ್ಕೇ ದಿನಾ ನೋಡಿ ಅಂದಿದ್ದು. ಮನೆಗೆ ಬಂದ ಮೇಲೆ ಒಣ ಬಟ್ಟೆಗಳನ್ನು ಡ್ರೈಯರ್‌ನಲ್ಲಿ ಜೋರು ಬಿಸಿಯಲ್ಲಿ 10 ನಿಮಿಷ ತಿರುಗಿಸಿ. ಆಮೇಲಿನ ವಾರಗಳಲ್ಲಿ ಯಾರಿಗಾದರೂ ಜ್ವರ ಬಂದರೆ, ಅಥವಾ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಗುರುತು ಕಂಡರೆ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಅತ್ತೆ-ಮಾವನ ಟ್ರಾವೆಲ್ ಇನ್ಶೂರೆನ್ಸ್ ಕಾಗದವೂ ಕೈಗೆ ಸಿಗುವಂತಿರಲಿ.

ಪ್ರಶ್ನೆ: ನಾವು ಸ್ನೇಹಿತರು ಜರ್ಸಿ ಸಿಟಿಯಿಂದ ಹೊರಟಿದ್ದೇವೆ. ಎಸ್‌ಯುವಿ ಇದೆ, ಆಲ್ ವೀಲ್ ಡ್ರೈವ್. ಕ್ಯಾಂಪ್‌ಗ್ರೌಂಡ್ ಬೇಡ, ಕಾಡಿನ ಒಳಗೆ ಎಲ್ಲಾದರೂ ಟೆಂಟ್ ಹಾಕಬಹುದಾ?

ಉತ್ತರ: ಎಲ್ಲೆಂದರಲ್ಲಿ ಹಾಕುವಂತಿಲ್ಲ. ಗುರುತು ಮಾಡಿದ ಜಾಗದಲ್ಲಿ, ಪರ್ಮಿಟ್ ಪಡೆದು ಮಾತ್ರ. ಅಂಥ ಜಾಗಗಳು ವಾರ್ಟನ್ ಕಾಡಿನ ಒಳಗೂ ಇವೆ, ಗುಂಡಿ ಪಾಯಿಖಾನೆ, ಕೈಪಂಪು ಬಿಟ್ಟರೆ ಹೆಚ್ಚೇನೂ ಇರಲ್ಲ. ನಿಮಗೆ ಬೇಕಿರೋದೂ ಅದೇ ತಾನೇ.

ಗಾಡಿಯನ್ನು ಜಾಸ್ತಿ ನಂಬಬೇಡಿ. ಅಲ್ಲಿನ ನುಣ್ಣನೆ ಬಿಳಿ ಮರಳಿಗೆ ಶುಗರ್ ಸ್ಯಾಂಡ್ ಅನ್ನುತ್ತಾರೆ. ನೋಡಲು ಗಟ್ಟಿ ದಾರಿ, ಚಕ್ರ ಇಳಿದರೆ ಮೇಲೆ ಬರುವುದಿಲ್ಲ, ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಜಿಪಿಎಸ್ ಅದನ್ನೂ ರಸ್ತೆ ಅಂತಲೇ ತೋರಿಸುತ್ತದೆ. ಫೋನ್ ಸಿಗ್ನಲ್ ಎಲ್ಲಾ ಕಡೆ ಸಿಗಲ್ಲ, ಟೋ ಗಾಡಿ ಬರಲು ಹೊತ್ತೂ ಬೇಕು, ದುಡ್ಡೂ ಬೇಕು. ಹೊರಡುವ ಮೊದಲು ರೇಂಜರ್ ಆಫೀಸಿನಲ್ಲಿ ಆ ದಾರಿಯ ಸ್ಥಿತಿ ಕೇಳಿ, ಕಾಗದದ ನಕ್ಷೆ ಒಯ್ಯಿರಿ. ದಾರಿಯಲ್ಲಿ ನೀರು ನಿಂತ ಗುಂಡಿ ಕಂಡರೆ ಹಿಂತಿರುಗಿ, ಪಕ್ಕದ ಗಿಡಗಳ ಮೇಲೆ ಹತ್ತಿಸಬೇಡಿ. ಟೆಂಟಿನ ಸಣ್ಣ ಗೂಟಗಳು ಮರಳಿನಲ್ಲಿ ನಿಲ್ಲವು. ಬಟ್ಟೆಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತರೆ ಗಾಳಿಗೂ ಕದಲಲ್ಲ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಒಣ ಸೌದೆ ಇದೆ. ಒಯ್ದು ಕ್ಯಾಂಪಿನಲ್ಲಿ ಒಲೆ ಹೂಡಿ ಅಕ್ಕಿರೊಟ್ಟಿ ಮಾಡಬಹುದಾ?

ಉತ್ತರ: ಸೌದೆ ಒಯ್ಯಬೇಡಿ, ಅದರ ಜೊತೆ ಮರ ಕೊಲ್ಲುವ ಹುಳುಗಳೂ ಪ್ರಯಾಣ ಮಾಡುತ್ತವೆ. ಅಲ್ಲೇ ಹತ್ತಿರದಲ್ಲಿ ಕೊಳ್ಳಿ. ಬೆಂಕಿ ಹಾಕಬಹುದಾ ಅನ್ನುವುದು ಆ ದಿನದ ಮೇಲೆ ಹೋಗುತ್ತದೆ. ಮಳೆ ಬಿದ್ದರೂ ಮರಳು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಸಿಲು ಗಾಳಿ ಬಿದ್ದರೆ ಪೈನ್ ಸೂಜಿಗಳು ಮತ್ತೆ ಬೇಗ ಗರಿಗರಿ. ಅಲ್ಲಿನ ಪಿಚ್ ಪೈನ್ ಮರ ಬೆಂಕಿಗೆ ಹೊಂದಿಕೊಂಡದ್ದು, ಸುಟ್ಟ ಕಾಂಡದಿಂದಲೇ ಚಿಗುರುತ್ತದೆ, ಕೆಲವು ಮರಗಳ ಕಾಯಿ ಬಿರಿಯುವುದೇ ಬೆಂಕಿ ತಾಗಿದ ಮೇಲೆ. ಆದರೆ ಆ ಕಾಡಿನೊಳಗೆ, ಸುತ್ತಮುತ್ತ ಜನ ಬದುಕುತ್ತಿದ್ದಾರೆ. 2022ರ ಜೂನ್‌ನಲ್ಲಿ ವಾರ್ಟನ್‌ನಲ್ಲಿ 13 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು, ಶುರುವಾಗಿದ್ದು ಯಾರೋ ನಿಯಮ ಮುರಿದು ಹಾಕಿದ ಕ್ಯಾಂಪ್‌ಫೈರ್‌ನಿಂದ.

ಹೊರಡುವ ದಿನ ಬೆಳಿಗ್ಗೆ ನ್ಯೂಜೆರ್ಸಿ ಫಾರೆಸ್ಟ್ ಫೈರ್ ಸರ್ವಿಸ್‌ನ ನಿರ್ಬಂಧ ನೋಡಿ. ಮೂರನೇ ಹಂತ ಇದ್ದರೆ ಸೌದೆಯೂ ಇಲ್ಲ, ಇದ್ದಿಲೂ ಇಲ್ಲ, ನೆಲದಿಂದ ಎತ್ತರದಲ್ಲಿಟ್ಟ ಗ್ಯಾಸ್ ಸ್ಟವ್ ಮಾತ್ರ. ರೊಟ್ಟಿಗೆ ಹೇಗೂ ಅದೇ ಒಳ್ಳೆಯದು, ಉರಿ ಕೈಯಲ್ಲಿರುತ್ತದೆ, ಹೆಂಚು ಸರಿಯಾಗಿ ಕಾಯುತ್ತದೆ. ನಿರ್ಬಂಧ ಇಲ್ಲದ ದಿನ ಬೆಂಕಿ ಹಾಕಿದರೆ ಅದಕ್ಕೆಂದೇ ಇಟ್ಟ ಕಬ್ಬಿಣದ ಬಳೆಯೊಳಗೇ ಹಾಕಿ. ಮಲಗುವ ಮೊದಲು ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಮೇಲೆ ಮರಳು ಮುಚ್ಚಿ ಬಿಡಬೇಡಿ, ಒಳಗಿನ ಕೆಂಡ ಬೆಳಗಿನವರೆಗೂ ಬದುಕಿರುತ್ತದೆ.