ಗಂಜಿ ಬಿಡಬೇಕೆ ಎಂದು ಕೇಳಿದ ಕಟಪಾಡಿಯ ಓದುಗರಿಗೆ

ಪತ್ರ: ‘ನನಗೆ 48 ವರ್ಷ, ತೂಕ 74 ಕೆ.ಜಿ. ಎರಡು ವರ್ಷದಿಂದ ಶುಗರಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಮಗ ಕೀಟೋ ಮಾಡಿ ಹತ್ತು ದಿನದಲ್ಲಿ ನಾಲ್ಕು ಕೆ.ಜಿ. ಇಳಿಸಿದ. ನಾದಿನಿ ಮಧ್ಯಾಹ್ನ ಹನ್ನೆರಡರವರೆಗೆ ನೀರು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಪಕ್ಕದ ಮನೆಯವರು ವಾರವಿಡೀ ಜ್ಯೂಸ್ ಕುಡಿಯಿರಿ ಅನ್ನುತ್ತಾರೆ. ಯಾವುದು ಸರಿ? ಕುಚ್ಚಲಕ್ಕಿ ಗಂಜಿ ಬಿಡಲೇಬೇಕೆ?’

ಉತ್ತರ: ನಿಮ್ಮ ಮಗನ ನಾಲ್ಕು ಕೆ.ಜಿ.ಯಿಂದಲೇ ಶುರು ಮಾಡುತ್ತೇನೆ, ಎಲ್ಲರೂ ಮರುಳಾಗುವುದು ಅಲ್ಲಿಯೇ. ನಾವು ಉಂಡ ಅನ್ನದ ಒಂದು ಪಾಲು ಗ್ಲೈಕೋಜನ್ ಆಗಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ದಾಸ್ತಾನಾಗಿರುತ್ತದೆ, ಸುಮಾರು ಅರ್ಧ ಕೆ.ಜಿ.ಯಷ್ಟು. ಅದರ ಒಂದೊಂದು ಗ್ರಾಮಿಗೂ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತದೆ. ಕೀಟೋ ಎಂದರೆ ಅನ್ನ, ರೊಟ್ಟಿ ಬಹುತೇಕ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಪಥ್ಯ; ಅದರಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. ಹಾಗಾಗಿ ಮೊದಲ ವಾರ ಈ ದಾಸ್ತಾನು ಖಾಲಿ, ಜೊತೆಗೆ ನೀರೂ ಹೊರಗೆ. ಊರಿಗೆ ಬಂದು ಎರಡು ಹೊತ್ತು ಕೋರಿ ರೊಟ್ಟಿ ತಿಂದರೆ ಅದರಲ್ಲಿ ಒಂದೆರಡು ಕೆ.ಜಿ. ವಾಪಸು. ಹಾಗೆ ಇಳಿದದ್ದರಲ್ಲೂ ಏರಿದ್ದರಲ್ಲೂ ಹೆಚ್ಚಿನದು ಕೊಬ್ಬಲ್ಲ.

ಹಾಗೆಂದು ಕೀಟೋ ಬುರುಡೆಯಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಅದನ್ನು ರೂಪಿಸಿದ್ದು ಅಪಸ್ಮಾರದ ರೋಗಿಗಳಿಗೆ. ಔಷಧಿಗೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ, ವೈದ್ಯರ ಕಣ್ಗಾವಲಿನಲ್ಲಿ. ತೂಕವೂ ಇಳಿಯುತ್ತದೆ. ಹಸಿವು ಕಡಿಮೆಯಾಗಿ ಜನ ಕಡಿಮೆ ತಿನ್ನುತ್ತಾರೆ, ಅಷ್ಟೆ. ನನ್ನ ಹೆದರಿಕೆ ನಿಮ್ಮ ಮಾತ್ರೆಯದ್ದು. ಮನೆಯಲ್ಲಿರುವ ಪಟ್ಟಿ ತೆಗೆದು ಹೆಸರು ಓದಿ. ‘ಗ್ಲಿಫ್ಲೋಜಿನ್’ ಎಂದು ಮುಗಿದರೆ, ಆ ಔಷಧಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಜಾತಿಯದು. ಅದರ ಜೊತೆ ಕೀಟೋ ಮಾಡಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ, ಅದೂ ಶುಗರ್ ಅಷ್ಟೇನೂ ಏರದೆ. ಗ್ಲಿಮೆಪಿರೈಡ್‌ನಂಥದ್ದಾದರೆ ನಾದಿನಿಯ ಹಾಗೆ ಉಪವಾಸವಿದ್ದಾಗ ಶುಗರ್ ತಟ್ಟನೆ ಇಳಿದು ತಲೆ ಸುತ್ತಿ ಬೀಳಬಹುದು. ಆದ್ದರಿಂದ ಕೀಟೋ ಇರಲಿ, ಉಪವಾಸವಿರಲಿ, ಶುರು ಮಾಡುವ ಮೊದಲು ಆ ಪಟ್ಟಿ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ.

ನಾದಿನಿಯದು ಹದಿನಾರು ಗಂಟೆ ಉಪವಾಸ, ಎಂಟು ಗಂಟೆ ಊಟ. ಉಡುಪಿಯವರಿಗೆ ಉಪವಾಸ ಹೇಳಿಕೊಡಬೇಕಾಗಿಲ್ಲ ಬಿಡಿ. ಏಕಾದಶಿಯ ಮರುದಿನ ನಸುಕಿನಲ್ಲೇ ಪಾರಣೆ ಮಾಡುವವರು ಇಲ್ಲಿದ್ದಾರೆ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಮುಂದಿನದರಲ್ಲಿ ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ ಬಿಡುವವರೂ ಇದ್ದಾರೆ. ಅದರ ಉದ್ದೇಶ ಬೇರೆ. ಆದರೆ ಏಕಾದಶಿಯ ‘ಫಲಾಹಾರ’ ಎಂದು ಉಪ್ಪಿಟ್ಟು, ಸಜ್ಜಿಗೆ, ಅವಲಕ್ಕಿ ಹೊಟ್ಟೆ ಬಿರಿಯೆ ತಿಂದವರ ತೂಕ ಇಳಿದದ್ದನ್ನು ನಾನು ನೋಡಿಲ್ಲ. ಹದಿನಾರು ಗಂಟೆಯ ಉಪವಾಸಕ್ಕೂ ಇದೇ ಲೆಕ್ಕ. ಗಡಿಯಾರ ಮುಖ್ಯವಲ್ಲ, ಅದರ ನೆಪದಲ್ಲಿ ಒಂದು ಊಟ ಕಡಿಮೆಯಾಗುವುದು ಮುಖ್ಯ. ಕಳೆದ ಮಳೆಗಾಲದಲ್ಲಿ ನಾನೂ ಪ್ರಯತ್ನಿಸಿದೆ. ಬೆಳಗ್ಗಿನ ನೀರ್ ದೋಸೆ ಬಿಟ್ಟೆ, ಮಧ್ಯಾಹ್ನ ಬಡ್ಡಿ ಸಮೇತ ವಸೂಲಿ ಮಾಡಿದೆ.

ಜ್ಯೂಸ್ ಬೇಡ. ಪ್ರೋಟೀನ್ ಇಲ್ಲ, ನಾರು ಸೋಸಿ ಹೋಗಿರುತ್ತದೆ, ಉಳಿಯುವುದು ಹಣ್ಣಿನ ಸಕ್ಕರೆ. ಜ್ಯೂಸ್ ದೇಹದ ‘ವಿಷ’ ತೆಗೆಯುತ್ತದೆ ಎನ್ನುವವರಿದ್ದಾರೆ; ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳು ಇವೆ.

ಕೊಬ್ಬು ಕಡಿಮೆ ಮಾಡುವ ಪಥ್ಯವೋ, ಅನ್ನ ಕಡಿಮೆ ಮಾಡುವ ಪಥ್ಯವೋ ಎಂಬ ಜಗಳ ಹಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿ, 2018ರಲ್ಲಿ ಪ್ರಕಟಿಸಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6 ಕೆ.ಜಿ. ಇಳಿದಿದ್ದರು. ಆ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು. ಎರಡೂ ಗುಂಪಿನಲ್ಲಿ ತುಂಬಾ ಇಳಿದವರಿದ್ದರು, ಏರಿದವರೂ ಇದ್ದರು. ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ ಎಂದು ಇಬ್ಬರಿಗೂ ಹೇಳಲಾಗಿತ್ತು.

ಅದಕ್ಕೇ ನಾನು ಕೇಳುವುದು ಒಂದೇ: ಮನೆಯವರಿಗೊಂದು ಅಡುಗೆ, ನಿಮಗೊಂದು ಅಡುಗೆ ಎಂದು ಎಷ್ಟು ದಿನ ಒಲೆಯ ಮುಂದೆ ನಿಲ್ಲುತ್ತೀರಿ? ಎಲ್ಲರಿಗೂ ಬೇಯುವ ಪಾತ್ರೆಯಿಂದಲೇ ನಿಮ್ಮ ಬಟ್ಟಲೂ ತುಂಬುವಂತಿರಬೇಕು. ಗಂಜಿ ಬಿಡಬೇಡಿ, ಒಂದು ಸೌಟು ಕಡಿಮೆ ಮಾಡಿ. ತಪ್ಪಿರುವುದು ಗಂಜಿಯ ಜೊತೆ ಉಪ್ಪಿನಕಾಯಿ ಮಾತ್ರ ಇರುವುದರಲ್ಲಿ. ಹೆಸರುಕಾಳಿನ ಪಲ್ಯ, ಹುರುಳಿ ಸಾರು, ಬಸಳೆ ಬರಲಿ. ಮೀನು ತಿನ್ನುವ ಮನೆಯಾದರೆ 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ; ಕಾವಲಿಯಲ್ಲಿ ಎಣ್ಣೆ ಸುರಿದು ಹುರಿಯುವ ಬದಲು ಪುಳಿಮುಂಚಿ ಮಾಡಿ. ಜೂನ್, ಜುಲೈಯಲ್ಲಿ ಬೋಟುಗಳು ಮಲ್ಪೆಯಲ್ಲಿ ಕಟ್ಟಿ ನಿಂತು ಮೀನು ತುಟ್ಟಿಯಾದಾಗ ಮೊಟ್ಟೆ ಇದೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ದರೆ ದೂರವಿಡಿ. ತೆಂಗಿನೆಣ್ಣೆ ನಮ್ಮೂರಿನದೆಂಬ ಮಮಕಾರ ನನಗೂ ಇದೆ, ಆದರೆ ಒಂದು ದೊಡ್ಡ ಚಮಚ ಎಣ್ಣೆ, ಅದು ಯಾವುದೇ ಆಗಲಿ, ಸುಮಾರು 120 ಕ್ಯಾಲೊರಿ.

ಇಪ್ಪತ್ತು ಕೆ.ಜಿ.ಯ ಗುರಿ ಈಗ ಬೇಡ. ನಿಮ್ಮ ತೂಕದ ಶೇಕಡಾ 5, ಅಂದರೆ ನಾಲ್ಕು ಕೆ.ಜಿ.ಗೂ ಕಡಿಮೆ ಇಳಿದರೂ ಶುಗರ್ ಸುಧಾರಿಸುವ ಸಾಧ್ಯತೆ ಇದೆ. ತಕ್ಕಡಿಯ ಜೊತೆಗೆ ದರ್ಜಿಯ ಟೇಪನ್ನೂ ನಂಬಿ: ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು.

ಎರಡು ಪುಟದ ಪತ್ರದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಏನು ತಿನ್ನುತ್ತೀರೆಂದು ಬರೆದಿದ್ದೀರಿ. ಸಂಜೆ ಚಾದ ಜೊತೆ ಗೋಳಿಬಜೆಯೋ ಬನ್ಸೋ ಎಂಬುದು ಮಾತ್ರ ಬಿಟ್ಟುಹೋಗಿದೆ. ಮುಂದಿನ ಪತ್ರದಲ್ಲಿ ತಿಳಿಸಿ.

– ಸಂ.